ನಾಲ್ಕನೇ ಮಹಡಿಯ ಡಾಕ್ಟರು

ಆ ಕಟ್ಟಡಕ್ಕೆ ಏಳು ಮಹಡಿ, ಹದಿನಾರು ಡಾಕ್ಟರು, ಒಂದೇ ಲಿಫ್ಟು. ಆ ಲಿಫ್ಟಿಗೆ ಒಬ್ಬನೇ ಮನುಷ್ಯ. ಅವನ ಹೆಸರು ಸಂಬಳದ ರಿಜಿಸ್ಟರಿನಲ್ಲಿ ಇದ್ದೀತು. ಬಾಗಿಲ ಕಾವಲಿನವನಿಂದ ಹಿಡಿದು ಆರನೇ ಮಹಡಿಯ ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅವನು ಲಿಫ್ಟಣ್ಣ. ಮಗಳನ್ನು ಶಾಲೆಗೆ ಸೇರಿಸಿದ ದಿನ ತಂದೆಯ ಹೆಸರೇನು ಎಂದು ಟೀಚರು ಕೇಳಿದ್ದಕ್ಕೆ ಅವಳೂ ಹಾಗೇ ಹೇಳಿ, ಇಡೀ ತರಗತಿ ನಕ್ಕು, ಅವಳು ಅತ್ತಿದ್ದಳಂತೆ. ಇದನ್ನು ಅಪ್ಪ ಈಗಲೂ ಹೇಳುತ್ತಿದ್ದ. ಅಳಿಯನ ಮುಂದೆ ಹೇಳುತ್ತಿದ್ದ, ಮೊಮ್ಮಗಳ ಮುಂದೆ ಹೇಳುತ್ತಿದ್ದ, ಕೇಳಲು ಬೇರೆ ಯಾರೂ ಸಿಗದಿದ್ದರೆ ಮಗಳ ಮುಂದೆಯೇ ಹೇಳುತ್ತಿದ್ದ.

ಲಿಫ್ಟು ಹಳೆಯ ಕಾಲದ್ದು. ಒತ್ತಲು ಗುಂಡಿಗಳಿಲ್ಲ, ಗೋಡೆಗೆ ಒಂದು ಹಿತ್ತಾಳೆಯ ಹಿಡಿ. ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ, ಕೈಬಿಟ್ಟರೆ ನಿಲ್ಲುತ್ತದೆ. ಕೈ ಯಾವಾಗ ಬಿಡಬೇಕು ಅನ್ನುವುದರಲ್ಲೇ ವಿದ್ಯೆಯೆಲ್ಲ ಇರುವುದು. ಎಂಟು ಜನ ತುಂಬಿದ್ದಾಗ ಬಿಡುವ ಹೊತ್ತು ಬೇರೆ, ಇಬ್ಬರೇ ಇದ್ದಾಗ ಬೇರೆ. ಚೂರು ಆಚೀಚೆಯಾದರೂ ಲಿಫ್ಟಿನ ನೆಲ ಮಹಡಿಯ ನೆಲಕ್ಕಿಂತ ಎರಡು ಬೆರಳು ಮೇಲೋ ಕೆಳಗೋ ನಿಲ್ಲುತ್ತದೆ. ಗಾಲಿಕುರ್ಚಿಯಲ್ಲಿ ಕೂತವರಿಗೆ ಆ ಎರಡು ಬೆರಳೆಂದರೆ ಜೀವ ಹೋಗಿ ಬಂದ ಹಾಗೆ. ಮೂವತ್ತೊಂದು ವರ್ಷ ಅಪ್ಪ ಲಿಫ್ಟನ್ನು ಮಟ್ಟಕ್ಕೆ ನಿಲ್ಲಿಸಿದ್ದ. ಮಗಳ ಮನೆಯಲ್ಲಿ ಲೋಟ ಇಡುವಾಗಲೂ ಸದ್ದಾಗದ ಹಾಗೆ ಇಡುತ್ತಿದ್ದ.

ಅಮ್ಮ ಹೋದ ಮೇಲೆ ಅಪ್ಪ ಮಗಳ ಜೊತೆಗೇ ಇದ್ದ. ಎರಡು ಕೋಣೆಯ ಮನೆ. ಅಳಿಯನಿಗೆ ಪ್ರೆಸ್ಸಿನಲ್ಲಿ ಪಾಳಿಯ ಕೆಲಸ, ಮಗಳಿಗೆ ಕೊರಿಯರ್ ಆಫೀಸಿನ ಕೌಂಟರು. ಮೊಮ್ಮಗಳಿಗೆ ಒಂದೂವರೆ ವರ್ಷ, ಉರುಟುರುಟಾಗಿದ್ದಳು. "ನನ್ನ ಲಿಫ್ಟಿಗಂತೂ ಓನರ್ರು ಗುಂಡಿ ಹಾಕಿಸ್ಲಿಲ್ಲ, ಮನೆಗಾದ್ರೂ ಒಂದು ಬಂತಲ್ಲ" ಎಂದು ಅಪ್ಪನೇ ಅವಳನ್ನು ಗುಂಡಿ ಎಂದು ಕರೆಯಲು ಶುರುಮಾಡಿ, ಕೊನೆಗೆ ಅದೇ ನಿಂತಿತ್ತು. ಹೊಟ್ಟೆಯ ಮೇಲೆ ಬೆರಳಿಟ್ಟು ಒತ್ತಿ, "ಮೇಲೆ! ಮೇಲೆ!" ಎನ್ನುತ್ತ ಎತ್ತಿದರೆ ಆ ಮಗು ಕೇಕೆ ಹಾಕಿ ನಗುತ್ತಿತ್ತು.

ಇನ್ನೊಂದು ವಿದ್ಯೆಯೂ ಅಪ್ಪನಿಗೆ ತಾನಾಗಿ ಬಂದಿತ್ತು. ಮೇಲೆ ಹೋಗುವವರ ಮುಖವೆಲ್ಲ ಒಂದೇ, ಅನ್ನುತ್ತಿದ್ದ. ಫೈಲು ಎದೆಗೆ ಅವುಚಿಕೊಂಡು ಬಾಗಿಲ ಮೇಲಿನ ಅಂಕಿ ನೋಡುತ್ತ ನಿಂತಿರುತ್ತಾರೆ. ಇಳಿಯುವಾಗ ನೋಡಬೇಕು. ಡಾಕ್ಟರು ಏನು ಹೇಳಿದರೆಂದು ಆ ಹೊತ್ತಿಗೆ ಮನೆಯವರಿಗೂ ಗೊತ್ತಿರುವುದಿಲ್ಲ, ಲಿಫ್ಟಿನವನಿಗೆ ಗೊತ್ತು. "ಪಕ್ಕದೋರ ಕಾಲು ತುಳಿದು ಸಾರಿ ಅಂದ್ರೆ ಏನೂ ಇಲ್ಲ ಅಂತ. ತುಳಿದಿದ್ದೇ ಗೊತ್ತಾಗ್ದೆ ನಿಂತಿದ್ರೆ, ಇದೆ ಅಂತ."

ಒಂದು ಬೆಳಿಗ್ಗೆ ಆರನೇ ಮಹಡಿಯ ಹೊಟ್ಟೆ ಡಾಕ್ಟರು ಲಿಫ್ಟಿನಲ್ಲಿದ್ದರು. ಹನ್ನೆರಡು ವರ್ಷದಿಂದ ದಿನಕ್ಕೆರಡು ಸಲ ಅವರು ನೋಡಿದ್ದು ಅಪ್ಪನ ಬೆನ್ನನ್ನು ಮಾತ್ರ. ಅವತ್ತು ಜಾಲರಿ ಬಾಗಿಲು ಸಿಕ್ಕಿಹಾಕಿಕೊಂಡಿತು. ಬಿಡಿಸಲೆಂದು ಅಪ್ಪ ತಿರುಗಿದಾಗ ದೀಪದ ಬೆಳಕು ಅವನ ಹಳದಿ ಕಣ್ಣಿನ ಮೇಲೆ ಬಿತ್ತು.

"ಲಿಫ್ಟಣ್ಣ, ಸಂಜೆ ಸ್ವಲ್ಪ ಮೇಲೆ ಬಾ."

"ದಿನಕ್ಕೆ ನಲವತ್ತು ಸಲ ಮೇಲೇ ಬರ್ತೀನಲ್ಲ ಸಾರ್."

"ಹಾಗಲ್ಲ. ಪೇಷೆಂಟಾಗಿ ಬಾ."

ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಆ ಡಾಕ್ಟರು ಮಗಳಿಗೆ ವಿವರಿಸಿದರು. ಲಿವರಿನ ಎರಡೂ ಭಾಗದಲ್ಲಿ ಗಡ್ಡೆಗಳು. ಕ್ಯಾನ್ಸರ್. ಒಂದು ದೊಡ್ಡ ರಕ್ತನಾಳದ ಒಳಕ್ಕೇ ನುಗ್ಗಿದೆ. ಹೊಟ್ಟೆಯಲ್ಲಿ ನೀರು ತುಂಬುತ್ತಿದೆ, ಕಾಮಾಲೆ ಏರುತ್ತಿದೆ. ಕತ್ತರಿಸಿ ತೆಗೆಯುವ ಹಾಗಿಲ್ಲ. ಬೇರೆ ಲಿವರ್ ಹಾಕುವುದೂ ಆಗುವುದಿಲ್ಲ. ರಕ್ತನಾಳ ಕಟ್ಟಿಕೊಂಡಿರುವುದರಿಂದ ಗಡ್ಡೆಗೆ ರಕ್ತ ಹೋಗದಂತೆ ತಡೆಯುವ ಚಿಕಿತ್ಸೆಯೂ ಅಪಾಯ.

"ಆಗಲ್ಲ ಅನ್ನೋದೆಲ್ಲ ಹೇಳಿದ್ರಿ ಸಾರ್. ಆಗೋದು ಯಾವುದು?"

ಅವರು ಕ್ಯಾನ್ಸರ್ ಆಸ್ಪತ್ರೆಗೆ ಒಂದು ಪತ್ರ ಬರೆದುಕೊಟ್ಟರು. ಬರೆಯುವಾಗ ತಲೆಯೆತ್ತಿ ಅವಳನ್ನು ನೋಡಲಿಲ್ಲ.

ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅವಳು ಬಾತ್‌ರೂಮಿಗೆ ಹೋಗಿ ಮುಖ ತೊಳೆದು, ಕನ್ನಡಿಯಲ್ಲಿ ನಗು ಹೊಂದಿಸಿಕೊಂಡು ಬಂದಳು. "ಲಿವರ್ ಊದಿದೆಯಂತೆ ಅಪ್ಪ. ಔಷಧಿ ತಗೊಂಡ್ರೆ ಇಳಿಯುತ್ತಂತೆ."

ಅಪ್ಪ ಅವಳ ಮುಖ ನೋಡಿದ. ಎಷ್ಟು ಸಾವಿರ ಮುಖ ನೋಡಿದ ಕಣ್ಣು ಅದು! "ಹ್ಞೂಂ. ಇಳಿಯುತ್ತೆ ಬಿಡು" ಎಂದ. ಅವನಿಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಆದರೂ ಒಂದು ವಾರ ಇಬ್ಬರೂ ಸೇರಿ ಆ ಸುಳ್ಳನ್ನು ಹಸುಗೂಸಿನ ಹಾಗೆ ಜೋಪಾನ ಮಾಡಿದರು. ಕ್ಯಾನ್ಸರ್ ಆಸ್ಪತ್ರೆಯ ಗೇಟಿನ ಮುಂದೆ ಇಳಿದಾಗ, ಆಳೆತ್ತರದ ಬೋರ್ಡಿನ ಕೆಳಗೆ, ಅದು ತಾನಾಗಿ ಸತ್ತುಹೋಯಿತು. ಅಪ್ಪ ಬೋರ್ಡನ್ನು ನೋಡಿ, "ಬಹಳ ಊದಿದೆ ಅಂತ ಕಾಣುತ್ತೆ" ಎಂದ. ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಅಲ್ಲಿನ ಡಾಕ್ಟರು ಅವಳ ವಯಸ್ಸಿನವರೇ. ಒಂದು ಇಂಜೆಕ್ಷನ್ ಇದೆ, ಮೂರು ವಾರಕ್ಕೊಮ್ಮೆ ಕೊಡುವಂಥದ್ದು, ಕೆಲವರಲ್ಲಿ ಗಡ್ಡೆ ಬೆಳೆಯುವುದನ್ನು ತಡೆಯುತ್ತದೆ ಎಂದರು. ಅವಳ ಕೈಕಾಲಿಗೆ ರಕ್ತ ಹರಿದಂತಾಯಿತು. ಆದರೆ ರಕ್ತದಲ್ಲಿ ಕಾಮಾಲೆಯ ಅಂಕಿ ಮೂರರೊಳಗೆ ಇರಬೇಕು. ಅಪ್ಪನದು ಆರು ಚಿಲ್ಲರೆ. ಈಗಲೇ ಕೊಟ್ಟರೆ ಇರುವ ಲಿವರೂ ಕೈಬಿಡುತ್ತದೆ.

"ಕೆಲವು ಮಾತ್ರೆ ಬರೀತೀನಿ, ನೋಡೋಣ. ಮುಂದಿನ ಮಂಗಳವಾರ ಬಿಟ್ಟು ಅದರ ಮುಂದಿನ ಮಂಗಳವಾರಕ್ಕೆ ಹೆಸರು ಹಾಕಿಟ್ಟಿರ್ತೀವಿ. ಸೋಮವಾರ ರಕ್ತ ಪರೀಕ್ಷೆ ಮಾಡಿಸಿ. ಮೂರಕ್ಕೆ ಇಳಿದಿದ್ರೆ ಬನ್ನಿ."

"ಇಳಿಯದೆ ಇದ್ರೆ?"

"ಮೊದಲು ಇಳಿಯುತ್ತಾ ನೋಡೋಣಮ್ಮ."

ಹದಿಮೂರು ದಿನ. ಆರರಿಂದ ಮೂರು. ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಂತೆ ಈ ಎರಡನ್ನೇ ಹಿಡಿದುಕೊಂಡು ಹೊರಟಳು.

ಗುಂಡಿ ಹುಟ್ಟಿದಾಗಿನಿಂದ ಅವಳ ಹತ್ತಿರ ಒಂದು ನೋಟ್‌ಬುಕ್ಕಿತ್ತು. ಎಷ್ಟು ಗಂಟೆಗೆ ಹಾಲು, ಯಾವತ್ತು ಮೊದಲ ಹಲ್ಲು, ಯಾವ ಲಸಿಕೆಗೆ ಎಷ್ಟು ಜ್ವರ. ಈಗ ಅದನ್ನೇ ತಿರುಗಿಸಿ ಹಿಂದಿನ ಪುಟದಿಂದ ಅಪ್ಪನದು ಬರೆಯತೊಡಗಿದಳು. ಬೆಳಿಗ್ಗೆ ಆರಕ್ಕೆ ಮಾತ್ರೆ. ಏಳಕ್ಕೆ ಎರಡು ಚಮಚ ಗಂಜಿ, ವಾಂತಿ ಇಲ್ಲ. ಮೂತ್ರ ಹಳದಿ, ನಿನ್ನೆಗಿಂತ ತಿಳಿ? ಆ ಪ್ರಶ್ನೆ ಚಿಹ್ನೆಯನ್ನು ಹೊಡೆದುಹಾಕಿ 'ತಿಳಿ' ಎಂದಷ್ಟೇ ಉಳಿಸಿದಳು. ಕಾಲಿನ ಬಾವು ಒತ್ತಿದರೆ ಕುಳಿ ಬೀಳುತ್ತದೆ, ಕುಳಿ ತುಂಬಲು ಹತ್ತು ಎಣಿಸುವಷ್ಟು ಹೊತ್ತು. ಒಂದು ಕಡೆ ಅಪ್ಪನ ಕಾಲು ಒತ್ತುತ್ತ, ಇನ್ನೊಂದು ಕಡೆ ಕಂಕುಳಲ್ಲಿ ಜಾರುವ ಮಗುವನ್ನು ಮೇಲಕ್ಕೆಳೆದುಕೊಳ್ಳುತ್ತ ಅವಳು ಎಣಿಸುತ್ತಿದ್ದಳು.

ಸ್ಕ್ಯಾನಿನ ಪ್ರತಿಗಳನ್ನು ಆರು ಲಕೋಟೆಯಲ್ಲಿ ಹಾಕಿ ಆರು ಊರಿನ ಡಾಕ್ಟರುಗಳಿಗೆ ಕಳಿಸಿದಳು. ಕೊರಿಯರ್ ಕೌಂಟರಿನಲ್ಲಿ ಕೂತು ಕೂತು ಅವಳಿಗೆ ಅದೊಂದು ಗೊತ್ತಿತ್ತು, ಯಾವ ಚೀಲ ಯಾವ ಹೊತ್ತಿಗೆ ಎಲ್ಲಿ ತಲುಪುತ್ತದೆಂದು. ಲಕೋಟೆಯ ನಂಬರುಗಳು ಬಾಯಿಪಾಠವಾಗಿದ್ದವು. ಗಿರಾಕಿಗಳು ಸಾಲಿನಲ್ಲಿ ನಿಂತಿರುವಾಗಲೂ ಕದ್ದು ಅವುಗಳನ್ನೇ ಕಂಪ್ಯೂಟರಿಗೆ ಹೊಡೆದು ನೋಡುತ್ತಿದ್ದಳು. ತಲುಪಿತು. ಸಹಿ ಆಯಿತು. ನಾಲ್ಕು ಕಡೆಯಿಂದ ಉತ್ತರ ಬಂತು. ಎಲ್ಲವೂ ಒಂದೊಂದು ಸಾಲು. ಸಾಲುಗಳು ಬೇರೆ, ಅರ್ಥ ಒಂದೇ.

ಸಹೋದ್ಯೋಗಿಯೊಬ್ಬಳು ಯಾರೋ ಕೊಡುವ ಬೇರಿನ ಪುಡಿ ತಂದುಕೊಟ್ಟಳು. "ನಮ್ಮ ಭಾವನ ಕಾಮಾಲೆ ಮೂರೇ ದಿನಕ್ಕೆ ಹೇಳಹೆಸರಿಲ್ಲದ ಹಾಗೆ ಹೋಯ್ತು ಕಣೇ." ಡಾಕ್ಟರನ್ನು ಕೇಳದೆ ಏನೂ ಕೊಡಬಾರದೆಂದು ಗೊತ್ತಿದ್ದೂ ಅವಳು ಕೊಟ್ಟಳು. ಅಪ್ಪ ತುಟಿ ಪಿಟಕ್ಕೆನ್ನದೆ ಕುಡಿದು, ಅರ್ಧ ಗಂಟೆಯಲ್ಲಿ ಕರುಳೇ ಬಾಯಿಗೆ ಬರುವ ಹಾಗೆ ವಾಂತಿ ಮಾಡಿಕೊಂಡ. ಉಳಿದ ಪುಡಿಯನ್ನು ಅವಳು ಮೋರಿಗೆ ಸುರಿದಳು. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದಳು. ಇದು ನನ್ನ ತಪ್ಪು, ಎಂದೂ ಬರೆದಳು.

ಐದನೇ ದಿನದ ಪರೀಕ್ಷೆಯಲ್ಲಿ ಅಂಕಿ ಐದೂಮುಕ್ಕಾಲಿಗೆ ಇಳಿದಿತ್ತು. ಅವಳು ಲ್ಯಾಬಿನ ಬಾಗಿಲಲ್ಲೇ ಗಂಡನಿಗೆ ಫೋನ್ ಮಾಡಿ ಕೂಗಿದಳು.

ಗಂಡ ಸಂಜೆ ಬಂದವನು ಅವಳು ಒಲೆಯ ಮುಂದೆ ನಿಂತೇ ತಿನ್ನುತ್ತಿರುವುದನ್ನು ನೋಡಿದ. "ಏ, ಕೂತ್ಕೊಂಡು ತಿನ್ನೇ. ಹೀಗೆ ತಿಂದ್ರೆ ಮೈಗೆ ಹತ್ತಲ್ಲ."

"ನಂಗೆ ಹತ್ತೋದು ಬೇಡ ರೀ. ಅಪ್ಪಂಗೆ ಹತ್ತಲಿ."

"ಆರು ಕಡೆ ಕೇಳಿಯಾಯ್ತಲ್ಲ..."

"ಏಳನೇ ಕಡೆ ಇರುತ್ತೆ. ನಿಮ್ಮಪ್ಪ ಆಗಿದ್ರೆ ಹೀಗೆ ಅಂತಿದ್ರಾ?"

ಅವನು ಒಲೆ ಆರಿಸಿದ. "ನಮ್ಮಪ್ಪ ಅಂತಾನೇ ಹೇಳ್ತಿರೋದು ಕಣೇ. ಮಾವಂಗೆ ಸುಸ್ತಾಗಿದೆ. ನೀನು ಅಂಕಿ ನೋಡ್ತಿದೀಯ, ಮನುಷ್ಯನ್ನ ನೋಡು."

ಅವಳು ತಟ್ಟೆಯನ್ನು ಸಿಂಕಿಗೆ ಎಸೆದ ಸದ್ದಿಗೆ ಗುಂಡಿ ಎದ್ದು ಅತ್ತಳು. ಆ ಮಾತು ಅಲ್ಲಿಗೇ ನಿಂತಿತು.

ಎಂಟನೇ ದಿನದ ಪರೀಕ್ಷೆಯಲ್ಲಿ ಆರೂವರೆ. ಇಳಿದದ್ದು ಮತ್ತೆ ಏರಿತ್ತು. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ತಳಕ್ಕೆ ತುರುಕಿ, ಎದೆ ಒಡೆದವಳ ಹಾಗೆ ಅಪ್ಪನ ಮಂಚದ ಪಕ್ಕ ನೆಲಕ್ಕೆ ಕೂತುಬಿಟ್ಟಳು. ಅಪ್ಪ ಅವಳ ತಲೆ ಸವರಿ ಹೇಳಿದ:

"ಮಗೂ, ನಾಲ್ಕನೇ ಮಹಡಿಯೋರ ಹತ್ರ ಒಂದ್ಸಲ ಹೋಗೋಣ್ವಾ?"

ಅಪ್ಪನಿಗೆ ಡಾಕ್ಟರುಗಳ ಹೆಸರಾಗಲಿ ಡಿಗ್ರಿಯಾಗಲಿ ಗೊತ್ತಿರಲಿಲ್ಲ. ಎರಡು ಅಂದರೆ ಹಲ್ಲು, ಮೂರು ಅಂದರೆ ಕಣ್ಣು, ಐದು ಎಲುಬು, ಆರು ಹೊಟ್ಟೆ. ಅವನ ವೈದ್ಯಶಾಸ್ತ್ರ ಅಷ್ಟೇ.

"ನಾಲ್ಕು ಕಿವಿ ಅಲ್ವಾ ಅಪ್ಪ?"

"ಕಿವಿಯೋರು ಬೆಳಿಗ್ಗೆ. ಬುಧವಾರ, ಶುಕ್ರವಾರ ಮಧ್ಯಾಹ್ನ ಅದೇ ರೂಮಲ್ಲಿ ಒಬ್ರು ಅಮ್ಮ ಕೂರ್ತಾರೆ. ಬೋರ್ಡೂ ಇಲ್ಲ ಪಾಪ. ಅವರ ಹತ್ರ ಬರೋರು ಮೇಲೆ ಹೋಗುವಾಗ ನೋಡಕ್ಕಾಗಲ್ಲ, ಅಂಥಾ ಮುಖ. ಗಾಲಿಕುರ್ಚಿ, ಸ್ಟ್ರೆಚರ್ರು. ಇಳಿಯುವಾಗ ಮುಖ ತಿಳಿಯಾಗಿರುತ್ತೆ. ಇಷ್ಟು ವರ್ಷದಲ್ಲಿ ಬೇರೆ ಯಾವ ಮಹಡಿಯಿಂದಲೂ ನಾನು ಹಾಗೆ ಇಳಿಸಿದ್ದಿಲ್ಲ."

ಅವಳು ಧಡಕ್ಕನೆ ಎದ್ದಳು. "ಇಷ್ಟು ದಿನ ಯಾಕಪ್ಪ ಹೇಳ್ಲಿಲ್ಲ?"

"ನೀನು ಓಡಾಡ್ತಿದ್ಯಲ್ಲ."

ಏಳನೇ ಕಡೆ ಸಿಕ್ಕಿತೆಂದೇ ಅವಳು ತಿಳಿದಳು. ಕಾವಲಿನವನಿಂದ ನಂಬರು ಹಿಡಿದು ಫೋನ್ ಮಾಡಿದಾಗ ರಿಸೆಪ್ಷನಿನ ಹೆಂಗಸು ಎರಡು ವಾರದವರೆಗೆ ಜಾಗವಿಲ್ಲ ಎಂದಳು.

"ಲಿವರ್ ಕ್ಯಾನ್ಸರ್ ನೋಡ್ತಾರಾ ಅಷ್ಟು ಹೇಳಿ."

"ನೋಡ್ತಾರೆ ಮೇಡಂ. ಅಂಥೋರ್ನೇ ಹೆಚ್ಚಾಗಿ ನೋಡೋದು."

"ಬಹಳ ಮುಂದುವರಿದಿದ್ರೂ?"

"ಮುಂದುವರಿದೋರೇ ಬರೋದು ಇಲ್ಲಿಗೆ."

ಅಂಥವರನ್ನು ನೋಡುವ ಡಾಕ್ಟರು ಇದೇ ಕಟ್ಟಡದಲ್ಲಿ, ಅಪ್ಪನ ಬೆನ್ನ ಹಿಂದೆಯೇ ಇದ್ದರೆ! ಅತ್ತಳು, ಬೇಡಿದಳು, ಕೊನೆಗೆ "ನಮ್ಮಪ್ಪ ನಿಮ್ಮ ಬಿಲ್ಡಿಂಗಿನ ಲಿಫ್ಟಣ್ಣ" ಎಂದಳು. ಆ ಹೆಂಗಸಿನ ಧ್ವನಿ ಬದಲಾಯಿತು. "ಅಯ್ಯೋ, ಲಿಫ್ಟಣ್ಣಂಗಾ? ಶುಕ್ರವಾರ ಕರ್ಕೊಂಡು ಬನ್ನಿ. ನಾನು ಹೇಗಾದ್ರೂ ಸೇರಿಸ್ತೀನಿ."

ಶುಕ್ರವಾರ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋದಳು. ಈಗ ಲಿಫ್ಟು ಓಡಿಸುತ್ತಿದ್ದವನು ಬಾಗಿಲ ಕಾವಲಿನವನೇ. ಅಭ್ಯಾಸ ಬಲದಿಂದ, "ಎಷ್ಟನೇದು?" ಎಂದುಬಿಟ್ಟ.

"ನನ್ನನ್ನೇ ಕೇಳ್ತೀಯೇನಯ್ಯಾ, ಭೂಪ! ನಾಲ್ಕು."

ನಾಲ್ಕರಲ್ಲಿ ಲಿಫ್ಟು ಎರಡು ಬೆರಳು ಮೇಲೆ ನಿಂತಿತು. ಕುರ್ಚಿ ದಡಕ್ಕೆಂದು ಇಳಿದಾಗ ಅಪ್ಪನ ಮುಖ ಕಿವುಚಿಕೊಂಡಿತು. "ಸ್ವಲ್ಪ ಮುಂಚೆ ಕೈ ಬಿಡಬೇಕು ಕಣಯ್ಯಾ" ಎಂದ ಉಸಿರು ಹಿಡಿದುಕೊಂಡು. "ನಾನೀಗ ಹಗುರಾಗಿದೀನಿ. ಅದನ್ನೂ ಲೆಕ್ಕಕ್ಕೆ ತಗೋಬೇಕು."

ಹೊರಗೆ ಕಾಯುವಾಗ ಅವಳು ಪಕ್ಕದವರನ್ನು ಮಾತಿಗೆಳೆದಳು. ಅತ್ತೆಯನ್ನು ಕರೆದುಕೊಂಡು ಬಂದಿದ್ದ ಸೊಸೆಯೊಬ್ಬಳು, "ಎರಡು ತಿಂಗಳಿಂದ ಬರ್ತಿದೀವಿ. ಇವರ ಕೈಗೆ ಬಿದ್ದ ಮೇಲೆ ನಮ್ಮತ್ತೆ ನಿದ್ದೆ ಮಾಡ್ತಾರೆ, ಬೈತಾರೆ, ಎಲ್ಲಾ ಮೊದಲಿನ ಥರ" ಎಂದು ನಕ್ಕಳು. ಅತ್ತೆ, "ನಿನ್ನ ಅಡುಗೆಗೆ ಬೈಯದೆ ಇರಕ್ಕೆ ಆ ಔಷಧಿಯಿಂದಲೂ ಆಗಲ್ಲ" ಎಂದಳು. ಲಿಫ್ಟಣ್ಣನ ಮಗಳೂ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

ಡಾಕ್ಟರಮ್ಮನಿಗೆ ಐವತ್ತು ದಾಟಿತ್ತು. ಮಗಳು ನೋಟ್‌ಬುಕ್ಕು ಬಿಚ್ಚಿ, ಅಂಕಿಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡರು.

"ನೀವು ಹೇಳಿ. ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡ್ತಿರೋದು ಯಾವುದು?"

ಅಪ್ಪ ಮಗಳ ಕಡೆ ಒಮ್ಮೆ ನೋಡಿದ, ಹೇಳಲೋ ಬೇಡವೋ ಎಂಬಂತೆ. "ನವೆ ಡಾಕ್ಟ್ರೇ. ಮೈಯೆಲ್ಲ ನವೆ. ಚರ್ಮದ ಒಳಗಿಂದ ಬರುತ್ತೆ. ನಿದ್ದೆ ಕಂಡು ಒಂದು ತಿಂಗಳಾಯ್ತು. ಅಂಗೈ, ಅಂಗಾಲು... ಗೋಡೆಗೆ ಬೆನ್ನು ಉಜ್ಜಿಕೊಂಡು ಕೂತಿರ್ತೀನಿ, ಮಗು ಏಳಬಾರ್ದು ಅಂತ ಸದ್ದಿಲ್ದೆ."

ಅವಳು ನೋಟ್‌ಬುಕ್ಕಿನ ಪುಟ ತಿರುಗಿಸಿದಳು, ಹಿಂದೆ, ಇನ್ನೂ ಹಿಂದೆ. ನವೆ ಅನ್ನುವ ಮಾತೇ ಎಲ್ಲೂ ಇರಲಿಲ್ಲ. ಅಪ್ಪನ ಅಂಗಿಯ ತೋಳು ಡಾಕ್ಟರಮ್ಮ ಮಡಚಿದಾಗ ತೋಳಿನ ತುಂಬ ಉಗುರಿನ ಗೆರೆಗಳು, ಕೆಲವು ಒಣಗಿ ಕಪ್ಪಾಗಿದ್ದವು, ಕೆಲವು ಇನ್ನೂ ಹಸಿ. ಬೇಸಿಗೆಯಲ್ಲೂ ಅಪ್ಪ ತುಂಬು ತೋಳಿನ ಅಂಗಿ ಹಾಕುತ್ತಿದ್ದುದು ಚಳಿಗೆ ಎಂದು ಅವಳು ಬರೆದಿದ್ದಳು.

ಡಾಕ್ಟರಮ್ಮ ನೀರಿನಲ್ಲಿ ಕಲಸಿ ಕುಡಿಯುವ ಒಂದು ಪುಡಿ ಬರೆದರು. ಹೊಟ್ಟೆಯ ನೀರು ಸ್ವಲ್ಪ ಇಲ್ಲೇ ತೆಗೆಯೋಣ, ಉಸಿರು ಹಗುರಾಗುತ್ತದೆ ಎಂದರು. ನೋವಿಗೆ ಹನಿ ಔಷಧಿ. ಅವಳು ಎಲ್ಲ ಬರೆದುಕೊಂಡು, ಪೆನ್ನು ಎತ್ತಿ ಹಿಡಿದು ಕಾದಳು.

"ಕಾಮಾಲೆ ಇಳಿಯಕ್ಕೆ, ಡಾಕ್ಟ್ರೇ? ಸೋಮವಾರಕ್ಕೆ ಮೂರು ಆಗಬೇಕು."

"ಅದನ್ನ ಇಳಿಸೋ ಡಾಕ್ಟರ್ ನಾನಲ್ಲಮ್ಮ."

"ಮತ್ತೆ ನೀವು ಯಾವ ಡಾಕ್ಟ್ರು?"

"ನೋವು, ನವೆ, ಉಬ್ಬಸ ಇವನ್ನ ಕಡಿಮೆ ಮಾಡೋದು ನನ್ನ ಕೆಲಸ. ಕಾಯಿಲೆ ವಾಸಿ ಆಗಲ್ಲ ಅಂದಾಗ ನನ್ನ ಹತ್ರ ಕಳಿಸ್ತಾರೆ."

ಅವಳ ಧ್ವನಿ ತನ್ನದಲ್ಲವೆಂಬಂತೆ ಏರಿತು. "ನಮ್ಮನ್ನ ಯಾರೂ ಕಳಿಸಿಲ್ಲ! ನಾವು ಗುಣ ಮಾಡ್ಸೋಕೆ ಬಂದಿದೀವಿ. ಅಪ್ಪ, ನೀನೇ ಹೇಳಿದ್ಯಲ್ಲ, ಇಲ್ಲಿಂದ ಇಳಿಯೋರ ಮುಖ ತಿಳಿಯಾಗಿರುತ್ತೆ ಅಂತ!"

"ತಿಳಿಯಾಗಿರುತ್ತೆ ಅಂದೆ ಮಗೂ" ಎಂದ ಅಪ್ಪ ಮೆಲ್ಲಗೆ. "ಗುಣ ಆಗುತ್ತೆ ಅಂದಿದ್ನಾ?"

"ಹಾಗಾದ್ರೆ ನಿಂಗೆ ಗೊತ್ತಿತ್ತು!"

"ಮೊದಮೊದಲು ಗೊತ್ತಿರ್ಲಿಲ್ಲ. ನಾಲ್ಕೈದು ಸಲ ಬರೋರು, ಆಮೇಲೆ ಬರ್ತಿರ್ಲಿಲ್ಲ. ಗುಣ ಆಗಿ ಬರೋದು ನಿಲ್ಲಿಸಿದ್ರು ಅಂದುಕೊಂಡಿದ್ದೆ. ಆಮೇಲೆ ಒಬ್ಬರ ಮಗ ಉಳಿದ ಔಷಧಿ ವಾಪಸು ಕೊಡಕ್ಕೆ ಬಂದಿದ್ದ. ಅವತ್ತು ತಿಳೀತು."

ಆ ಕೋಣೆಯಲ್ಲಿ ಕಿವಿಯ ಒಳಭಾಗದ ದೊಡ್ಡ ಚಿತ್ರವೊಂದು ಗೋಡೆಗಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಡಾಕ್ಟರಮ್ಮನ ಮೇಲೆ, ಅಪ್ಪನ ಮೇಲೆ, ಫೋನಿನ ಹೆಂಗಸಿನ ಮೇಲೆ, ಎಲ್ಲರ ಮೇಲೂ ಬೆಂಕಿಯಂಥ ಸಿಟ್ಟು. ಯಾರೂ ಸುಳ್ಳು ಹೇಳಿರಲಿಲ್ಲ. ಅದೇ ತಡೆಯಲಾಗದ್ದು.

"ಸೋಮವಾರ ಅಂಕಿ ಇಳಿದಿದ್ರೆ ಆ ಇಂಜೆಕ್ಷನ್ನಿಗೆ ನಾನೇ ಕಳಿಸ್ತೀನಿ" ಎಂದರು ಡಾಕ್ಟರಮ್ಮ. "ಆದ್ರೆ ಇಳಿಯೋ ಲಕ್ಷಣ ನಂಗೆ ಕಾಣ್ತಿಲ್ಲ. ನಿಮಗೆ ಅದನ್ನ ಹೇಳದೆ ಕಳಿಸಿದ್ರೆ ತಪ್ಪಾಗುತ್ತೆ."

"ರಕ್ತ ಕೊಡ್ತೀನಿ ಬಿಡಿ ಡಾಕ್ಟ್ರೇ" ಎಂದ ಅಪ್ಪ. "ಅವಳಿಗೆ ಬೇಕು."

ಹೊಟ್ಟೆಯ ನೀರು ತೆಗೆದಾದ ಮೇಲೆ ಅಪ್ಪ ಎಷ್ಟೋ ದಿನದ ಮೇಲೆ ಪೂರ್ತಿ ಉಸಿರೆಳೆದುಕೊಂಡ. ಅವಳು ಅದನ್ನು ನೋಡಿಯೂ ನೋಡದವಳಂತೆ ಫೈಲು ಜೋಡಿಸುತ್ತಿದ್ದಳು. ಲಿಫ್ಟಿನಲ್ಲಿ ಇಳಿಯುವಾಗ ಅಪ್ಪ ಅವಳ ಕಡೆ ತಿರುಗದೆ ಬಾಗಿಲ ಕಡೆಗೇ ಮುಖ ಮಾಡಿದ್ದ.

ಶನಿವಾರ, ಭಾನುವಾರ ಅವಳು ಅಪ್ಪನ ಜೊತೆ ಬೇಕಾದಷ್ಟೇ ಮಾತಾಡಿದಳು. ಆದರೂ ಪುಡಿಯನ್ನು ಹೊತ್ತಿಗೆ ಸರಿಯಾಗಿ ಕಲಸಿಕೊಟ್ಟಳು. ಬೇರೆ ಮಾತ್ರೆಗೂ ಅದಕ್ಕೂ ನಡುವೆ ಇಷ್ಟು ಗಂಟೆ ಬಿಡಬೇಕೆಂದಿದ್ದನ್ನು ಬರೆದಿಟ್ಟುಕೊಂಡು ತಪ್ಪದೆ ಪಾಲಿಸಿದಳು. ಭಾನುವಾರ ಮಧ್ಯಾಹ್ನ ಗುಂಡಿ ತಾತನ ಹೊಟ್ಟೆಗೆ ಬೆರಳಿಟ್ಟು ಒತ್ತಿ, "ಮೇಯೆ" ಎಂದಳು. ಎತ್ತಲು ಅಪ್ಪನಿಂದಾಗಲಿಲ್ಲ. "ಲಿಫ್ಟು ರಿಪೇರಿ ಕಣೇ" ಎಂದ. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು.

ಸೋಮವಾರ ಬೆಳಿಗ್ಗೆ ಅದೇ ಕಟ್ಟಡದ ಮೊದಲ ಮಹಡಿಯ ಲ್ಯಾಬು. ರಕ್ತ ತೆಗೆಯುವ 'ಅಕ್ಕ' ಅಪ್ಪನಿಗೆ ಇಪ್ಪತ್ತು ವರ್ಷದ ಪರಿಚಯ. ರಬ್ಬರು ಕಟ್ಟಿ ತಟ್ಟಿದಳು, ನರ ಸಿಗಲಿಲ್ಲ. ಚುಚ್ಚಿದಳು, ಬರಲಿಲ್ಲ. ಹಿಂದಿನ ಪರೀಕ್ಷೆಗಳ ಚುಚ್ಚುಗಳೆಲ್ಲ ನೀಲಿ, ಹಸಿರು ಕಲೆಗಳಾಗಿ ಮೊಣಕೈಯ ಒಳಗೆ ಹರಡಿದ್ದವು. ಎರಡನೇ ಸಲ ಮಣಿಕಟ್ಟಿನ ಹತ್ತಿರ. ಅಪ್ಪ ಹಲ್ಲು ಕಚ್ಚಿದ, ಕಣ್ಣಂಚಿನಲ್ಲಿ ನೀರು ಬಂತು.

"ಏನು ಲಿಫ್ಟಣ್ಣ, ಒಂದು ಹನಿನೂ ಕೊಡಲ್ಲ ಅಂತೀಯ, ಇಷ್ಟು ಜಿಪುಣನಾ ನೀನು" ಎಂದಳು ಅಕ್ಕ. ಹಣೆಯಲ್ಲಿ ಬೆವರಿತ್ತು ಅವಳಿಗೆ.

ಅಪ್ಪ ಇನ್ನೊಂದು ಕೈಯ ತೋಳು ತಾನೇ ಮಡಚಿ, ಮೇಜಿನ ಮೇಲೆ ಅಂಗೈ ಮೇಲೆ ಮಾಡಿ ಇಟ್ಟ. "ಈ ಕೈಯಲ್ಲಿ ನೋಡು ತಾಯಿ. ನನ್ನ ಮಗಳಿಗೆ ಬೇಕು."

ಆ ಕೈಯನ್ನು ಮಗಳು ನೋಡಿದಳು. ಹಿಡಿ ತಿರುಗಿಸಿ ತಿರುಗಿಸಿ ಕಾಯಿಕಟ್ಟಿದ್ದ ಅಂಗೈ ಈಗ ಮೆತ್ತಗಾಗಿ ಹಳದಿಯಾಗಿತ್ತು. ಉಗುರಿನ ಹೊಸ ಗೆರೆ ಒಂದೂ ಇರಲಿಲ್ಲ. ಎರಡು ದಿನದಿಂದ ಅಪ್ಪ ಕೆರೆದುಕೊಂಡಿರಲಿಲ್ಲ. ಅದು ಅವಳಿಗೆ ಆಗ ಹೊಳೆಯಿತು. ಅಕ್ಕ ರಬ್ಬರು ಕಟ್ಟಿದಳು. ಸೂಜಿಯ ತುದಿ ಚರ್ಮಕ್ಕೆ ತಾಗುವುದರಲ್ಲಿತ್ತು.

"ಬೇಡ" ಎಂದಳು ಅವಳು. "ಸಾಕು. ಬಿಡಿ ಅಕ್ಕ."

"ಮಗೂ, ಇರಲಿ, ಒಂದ್ಸಲ..."

"ಸಾಕು ಅಂದ್ನಲ್ಲ ಅಪ್ಪ!"

ಅಷ್ಟು ಜೋರಾಗಿ ಕೂಗಿದ್ದಕ್ಕೆ ಹೊರಗೆ ಕೂತವರೆಲ್ಲ ತಿರುಗಿ ನೋಡಿದರು. ಅವಳು ಬಾಗಿ ರಬ್ಬರನ್ನು ತಾನೇ ಬಿಚ್ಚಿ, ತೋಳನ್ನು ಕೆಳಗಿಳಿಸಿ, ಗುಂಡಿ ಹಾಕಲು ಹೋದಳು. ಗುಂಡಿ ಕಾಜಕ್ಕೆ ಸೇರಲಿಲ್ಲ. ಕೊನೆಗೆ ಅಪ್ಪನೇ ಹಾಕಿಕೊಂಡ.

ಬಾಡಿಗೆ ಗಾಡಿಯಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಅಂಕಿ ಮೂರೇ ಇದ್ದಿದ್ದರೆ? ಇರಲಿಲ್ಲ, ಅವಳಿಗೆ ಗೊತ್ತು. ಇದ್ದಿದ್ದರೆ? ಮೂರನೇ ಚುಚ್ಚಿಗೆ ರಕ್ತ ಬಂದುಬಿಟ್ಟಿದ್ದರೆ? ನಾನೇ ಬಾಗಿಲು ಮುಚ್ಚಿದೆನೇ? ಅಪ್ಪ ಅವಳ ಭುಜಕ್ಕೆ ತಲೆಯಾನಿಸಿ, ಮನೆ ಬರುವ ಮುಂಚೆಯೇ ನಿದ್ದೆಹೋಗಿದ್ದ.

ಮನೆಯಲ್ಲಿ ಅಪ್ಪನನ್ನು ಮಲಗಿಸಿ, ಪಕ್ಕದ ಮನೆಯಿಂದ ಗುಂಡಿಯನ್ನು ಕರೆತಂದು, ಹಾಲು ಕೊಟ್ಟು, ಕ್ಯಾನ್ಸರ್ ಆಸ್ಪತ್ರೆಗೆ ಫೋನ್ ಮಾಡಿದಳು. ನಾಳೆಗೆ ಹಾಕಿದ್ದ ಹೆಸರು ತೆಗೆಯಬೇಕಿತ್ತು. ಆ ಜಾಗಕ್ಕೆ ಬೇರೆ ಯಾರಾದರೂ ಕಾಯುತ್ತಿರುತ್ತಾರೆ. ಕೊಟ್ಟ ಹೊತ್ತಿಗೆ ಬರದ ಗಿರಾಕಿಯಿಂದ ಸಾಲಿಗೆಲ್ಲ ಏನಾಗುತ್ತದೆಂದು ಅವಳಿಗೆ ಗೊತ್ತು. ಗುಮಾಸ್ತನೊಬ್ಬ ಫೈಲಿನ ನಂಬರು ಕೇಳಿ, ಕೀಲಿಗಳನ್ನು ಟಪಟಪ ಒತ್ತಿದ.

"ಕ್ಯಾನ್ಸಲ್ ಮಾಡ್ಬೇಕಾ ಮೇಡಂ? ಕಾರಣ ಏನು ಹಾಕ್ಲಿ? ಪೇಷೆಂಟ್ ತೀರ್ಕೊಂಡ್ರಾ?"

"ಇಲ್ಲ!" ಎಂದಳು. "ಇದ್ದಾರೆ. ಮಲಗಿದ್ದಾರೆ."

"ಮತ್ತೆ? ಬೇರೆ ಡೇಟ್ ಹಾಕ್ಲಾ? ಮುಂದಿನ ಮಂಗಳವಾರ ಒಂದು ಖಾಲಿ ಇದೆ. ಈಗ ಬಿಟ್ರೆ ಆಮೇಲೆ ಸಿಗೋದು ಕಷ್ಟ."

ಅವಳ ಬಾಯಿಂದ ಹ್ಞಾಂ ಎನ್ನುವ ಮಾತು ಆಗಲೇ ಅರ್ಧ ಹೊರಟಿತ್ತು. ಒಂದು ವಾರ. ಏಳು ದಿನದಲ್ಲಿ ಏನು ಬೇಕಾದರೂ ಆಗಬಹುದು. ಒಂದು ನಿಮಿಷ ಇರಿ, ಎಂದು ಫೋನನ್ನು ಎದೆಗೊತ್ತಿಕೊಂಡು ಕೋಣೆಯ ಬಾಗಿಲಿಗೆ ಹೋದಳು.

ಅಪ್ಪ ಗೋಡೆಯ ಕಡೆ ತಿರುಗಿ, ಬಾಯಿ ತೆರೆದುಕೊಂಡು ಮಲಗಿದ್ದ. ಎರಡೂ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಹಾಡಹಗಲಲ್ಲಿ ಗೊರಕೆ. ತಿಂಗಳಾಗಿತ್ತು ಆ ಗೊರಕೆ ಕೇಳಿ. ಮನೆಯವರೆಲ್ಲ ಆಡಿಕೊಂಡು ನಗುತ್ತಿದ್ದ ಗೊರಕೆ. ಅವಳು ಅದನ್ನು ಕೇಳುತ್ತ ಎಷ್ಟು ಹೊತ್ತು ನಿಂತಳೋ, ಫೋನು ಆ ಕಡೆಯಿಂದ ಕಟ್ಟಾಗಿತ್ತು.

ಸ್ವಲ್ಪ ಹೊತ್ತಿಗೆ ಅದು ಜೋರಾಗಿ ಹೊಡೆದುಕೊಳ್ಳಲು ಶುರುಮಾಡಿತು. ಆಸ್ಪತ್ರೆಯ ನಂಬರೇ. ಅಪ್ಪನ ಗೊರಕೆ ಒಮ್ಮೆ ತಡವರಿಸಿತು. ಅವಳು ಎರಡೂ ಕೈಯಿಂದ ಫೋನನ್ನು ಮುಚ್ಚಿ, ಸದ್ದಡಗಿಸುವ ಗುಂಡಿಯನ್ನು ತಡಕಿ ತಡಕಿ ಹುಡುಕಿ ಒತ್ತಿ ಹಿಡಿದಳು.